ಎಷ್ಟು ರೋಗಾಣು ಸೇರಿದರೆ ಒಂದು ಜ್ವರ?



ಒಂದು ಬೇಸಿಗೆಯಲ್ಲಿ ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳನ್ನು ನೋಡಲು ಹೋಗಿದ್ದೆ. ಹೆಸರು ಬೇಡ. ನಿಮ್ಮ ಹಾಗೆಯೇ ಅವಳೂ ಹುಟ್ಟಿ ಬೆಳೆದದ್ದು ಇಲ್ಲೇ. ಮನೆ ಫರೀದಾಬಾದಿನಲ್ಲಿ. ಐ.ಎ.ಎಸ್. ಪರೀಕ್ಷೆಗೆ ಓದಲೆಂದು ಓಲ್ಡ್ ರಾಜಿಂದರ್ ನಗರದಲ್ಲಿ ಪಿ.ಜಿ. ಹಿಡಿದಿದ್ದಳು. ಒಂದು ಕೋಣೆ, ನಾಲ್ಕು ಮಂಚ, ನಾಲ್ವರು ಹುಡುಗಿಯರು. ಎಲ್ಲರಿಗೂ ಒಂದೇ ತೊಟ್ಟಿಯ ನೀರು, ಒಂದೇ ಕಡೆಯಿಂದ ಬರುವ ಟಿಫಿನ್ ಡಬ್ಬಿ. ಪ್ರಿಲಿಮ್ಸ್‌ಗೆ ಮೂರು ವಾರ ಇರುವಾಗ ಅವಳಿಗೆ ಟೈಫಾಯ್ಡ್ ಹಿಡಿಯಿತು. ಉಳಿದ ಮೂವರಿಗೆ ನೆಗಡಿಯೂ ಇಲ್ಲ.

ನಾನು ಹೋದಾಗ ಅವಳು ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ಕೂತಿದ್ದಳು. ಜ್ವರ ಇಳಿದಿತ್ತು, ಸಿಟ್ಟು ಇಳಿದಿರಲಿಲ್ಲ. "ಅಂಕಲ್, ಅಮ್ಮ ಹೇಳ್ತಾಳೆ ನಿನ್ನ ಮೈಯಲ್ಲಿ ಶಕ್ತಿಯೇ ಇಲ್ಲ ಅಂತ. ಪಿ.ಜಿ. ಮಾಲೀಕರು ಹೇಳ್ತಾರೆ ನೀನು ಹೊರಗಡೆ ಗೋಲ್‌ಗಪ್ಪ ತಿಂದಿರ್ತೀಯ ಅಂತ. ನಾವು ನಾಲ್ಕೂ ಜನ ಕುಡಿದಿದ್ದು ಅದೇ ನೀರು, ತಿಂದಿದ್ದು ಅದೇ ಊಟ. ನನಗೊಬ್ಬಳಿಗೇ ಯಾಕೆ? ಚೆನ್ನಾಗಿರೋ ಮನುಷ್ಯನನ್ನ ಮಲಗಿಸೋಕೆ ಅಸಲು ಎಷ್ಟು ಕ್ರಿಮಿ ಬೇಕು?"

ಒಳ್ಳೆಯ ಪ್ರಶ್ನೆ. ನಿಮ್ಮಲ್ಲಿ ಎಷ್ಟೋ ಮಂದಿ ಮನೆ ಬಿಟ್ಟು ಪಿ.ಜಿ.ಗಳಲ್ಲಿ, ಹಾಸ್ಟೆಲ್‌ಗಳಲ್ಲಿ ಇದ್ದೀರಿ. ಆದ್ದರಿಂದ ಈ ಸಲದ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಒಂದೊಂದು ರೋಗಕ್ಕೆ ಒಂದೊಂದು ಲೆಕ್ಕ

ಎಲ್ಲ ರೋಗಾಣುಗಳಿಗೂ ಒಂದೇ ಸಂಖ್ಯೆ ಇಲ್ಲ ಎಂಬುದನ್ನು ಮೊದಲು ತಿಳಿಯೋಣ. ನಿಮ್ಮ ಅಜ್ಜಿ 'ಆಮಶಂಕೆ' ಎನ್ನುತ್ತಿದ್ದ ರಕ್ತಭೇದಿಯನ್ನು ತರುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ಷಿಗೆಲ್ಲ. ಅದು ಹತ್ತರಿಂದ ನೂರು ಹೊಟ್ಟೆ ಸೇರಿದರೂ ಸಾಕಾಗಬಹುದು. ಜಿಯಾರ್ಡಿಯ ಎಂಬ ಪರೋಪಜೀವಿಯ ಕೋಶಗಳು ಹತ್ತು ಸಾಕೆಂದು 1954ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಅದೇ ಟೈಫಾಯ್ಡಿಗೆ, ನಮ್ಮ ಹಿರಿಯರ ಮಾತಿನಲ್ಲಿ ವಿಷಮಶೀತ ಜ್ವರಕ್ಕೆ, ಸಾಮಾನ್ಯವಾಗಿ ಸಾವಿರಗಟ್ಟಲೆ, ಲಕ್ಷಗಟ್ಟಲೆ ಬೇಕು. ಬರೀ ನೀರಿನಲ್ಲಿ ಕುಡಿದರೆ ಕಾಲರಾಕ್ಕೆ ಹತ್ತು ಕೋಟಿಯಷ್ಟಾದರೂ ಬೇಕಾದೀತು. ಚಳಿಗಾಲದಲ್ಲಿ ಇಡೀ ಹಾಸ್ಟೆಲ್ಲನ್ನೇ ವಾಂತಿಗೆ ಹಚ್ಚುವ ನೊರೊವೈರಸ್ ವಿಷಯದಲ್ಲಿ ವಿಜ್ಞಾನಿಗಳೇ ಒಮ್ಮತಕ್ಕೆ ಬಂದಿಲ್ಲ. ಒಂದು ಲೆಕ್ಕ ಇಪ್ಪತ್ತರೊಳಗೇ ಸಾಕು ಎನ್ನುತ್ತದೆ, ಇನ್ನೊಂದು ಸಾವಿರಕ್ಕೂ ಮೇಲೆ ಬೇಕು ಎನ್ನುತ್ತದೆ.

ಕ್ಷಯದ ಕಥೆ ಇನ್ನೂ ಬೇರೆ. 1956ರಿಂದ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ರೈಲಿ ಮತ್ತು ಸಂಗಡಿಗರು ಆರು ಹಾಸಿಗೆಗಳ ಕ್ಷಯದ ವಾರ್ಡಿನ ಗಾಳಿಯನ್ನು ಕೊಳವೆಗಳ ಮೂಲಕ ಮೇಲಿನ ಕೋಣೆಯಲ್ಲಿದ್ದ ಗಿನಿಯಿಲಿಗಳ ಪಂಜರಕ್ಕೆ ಹಾಯಿಸಿದರು. ಇಲಿಗಳು ರೋಗಿಗಳನ್ನು ಮುಟ್ಟಲಿಲ್ಲ, ಅವರ ಎಂಜಲು ತಿನ್ನಲಿಲ್ಲ. ಉಸಿರಾಡಿದವು, ಅಷ್ಟೆ. ಅಷ್ಟರಿಂದಲೇ ಹಲವಕ್ಕೆ ಸೋಂಕು ತಗಲಿತು. ಕೆಮ್ಮಿದಾಗ ಹಾರಿ, ಒಣಗಿ, ಗಾಳಿಯಲ್ಲಿ ತೇಲುವ ಒಂದು ಕಣದಲ್ಲಿರುವ ಕೆಲವೇ ಬ್ಯಾಕ್ಟೀರಿಯಾಗಳು ಶ್ವಾಸಕೋಶದ ಆಳ ತಲುಪಿದರೆ ಸೋಂಕಿಗೆ ಅಷ್ಟೇ ಸಾಕು. ಆದರೆ ಹಾಗೆ ಸೋಂಕು ತಗಲಿದ ಆರೋಗ್ಯವಂತರಲ್ಲಿ ಸುಮಾರು ಐದರಿಂದ ಹತ್ತು ಶೇಕಡ ಜನರಿಗೆ ಮಾತ್ರ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಬರುತ್ತದೆ. ಸೋಂಕು ಬೇರೆ, ಕಾಯಿಲೆ ಬೇರೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಣಿಸಿದವರು ಯಾರು?

ಇದನ್ನೆಲ್ಲ ಹೇಗೆ ಕಂಡುಹಿಡಿದರು ಎಂದು ಕೇಳುತ್ತೀರಿ. ಮನುಷ್ಯರಿಗೇ ಕುಡಿಸಿ!

1892ರ ಅಕ್ಟೋಬರ್ 7ರಂದು ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಪೆಟ್ಟನ್‌ಕೋಫರ್ ಎಂಬ 73 ವರ್ಷದ ಪ್ರಾಧ್ಯಾಪಕರು ಕಾಲರಾ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ಗಟಗಟನೆ ಕುಡಿದುಬಿಟ್ಟರು. ಕಾಲರಾಕ್ಕೆ ಬ್ಯಾಕ್ಟೀರಿಯಾ ಒಂದೇ ಕಾರಣವಲ್ಲ, ಊರಿನ ನೆಲ ಮತ್ತು ಹವೆಯೂ ಕೂಡಿ ಬರಬೇಕು ಎಂಬುದು ಅವರ ವಾದ. ರಾಬರ್ಟ್ ಕಾಖ್ ಹೇಳಿದ್ದು ತಪ್ಪೆಂದು ತೋರಿಸಬೇಕಾಗಿತ್ತು. ಜಠರದ ಆಮ್ಲ ಬ್ಯಾಕ್ಟೀರಿಯಾಗಳನ್ನು ಕೊಂದುಬಿಟ್ಟಿತು ಎಂದು ಯಾರೂ ಕೊಂಕು ತೆಗೆಯಬಾರದೆಂದು ಮೊದಲು ಸೋಡಾ ಬೈಕಾರ್ಬನೇಟ್ ಕೂಡ ಕುಡಿದರು. ಆದದ್ದೇನು? ಹೊಟ್ಟೆ ಸ್ವಲ್ಪ ಕೆಟ್ಟಿತು, ಅಷ್ಟೇ. ಕೆಲವು ದಿನಗಳ ಮೇಲೆ ಅದನ್ನೇ ಕುಡಿದ ಅವರ ಶಿಷ್ಯ ಎಮರಿಕ್ ಹೆಚ್ಚು ನರಳಿದರು. ಗುರುಗಳಿಗೆ ಹಿಂದೊಮ್ಮೆ ಕಾಲರಾ ಬಂದು ಹೋಗಿದ್ದರಿಂದ ಅದರ ರಕ್ಷಣೆ ಮೈಯಲ್ಲಿ ಉಳಿದಿದ್ದಿರಬಹುದು ಎಂದು ಊಹೆ. ಪೆಟ್ಟನ್‌ಕೋಫರ್ ಗೆದ್ದೆನೆಂದುಕೊಂಡರು. ವಿಜ್ಞಾನ ಕಾಖ್ ಪಕ್ಷದಲ್ಲೇ ಉಳಿಯಿತು.

ನಿಜವಾದ ಲೆಕ್ಕ ಬಂದದ್ದು 1960ರ ದಶಕದಲ್ಲಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಿಂದ. ಹಾರ್ನಿಕ್ ಮತ್ತು ಅವರ ತಂಡ ಜೈಲಿನ ಕೈದಿಗಳಲ್ಲಿ ಒಪ್ಪಿಕೊಂಡವರಿಗೆ ಅಳತೆ ಮಾಡಿದ ಟೈಫಾಯ್ಡ್ ಬ್ಯಾಕ್ಟೀರಿಯಾಗಳನ್ನು ಹಾಲಿನಲ್ಲಿ ಕೊಟ್ಟರು. ಕಾಯಿಲೆ ಬಿದ್ದವರಿಗೆ ಔಷಧ ಕೊಟ್ಟು ಗುಣಪಡಿಸಿದರು. ಕೈದಿಯ ಒಪ್ಪಿಗೆ ಎಷ್ಟರಮಟ್ಟಿಗೆ ಸ್ವಂತದ್ದು ಎಂಬ ಪ್ರಶ್ನೆ ಆಮೇಲೆ ಎದ್ದಿತು. ಇಂದು ಜೈಲಿನಲ್ಲಿ ಅಂಥ ಪ್ರಯೋಗಕ್ಕೆ ಅನುಮತಿ ಸಿಗಲಾರದು. 1970ರಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ. ಒಂದು ಸಾವಿರ ಬ್ಯಾಕ್ಟೀರಿಯಾ ಕುಡಿದ 14 ಜನರಲ್ಲಿ ಒಬ್ಬರೂ ಮಲಗಲಿಲ್ಲ. ಒಂದು ಲಕ್ಷ ಕುಡಿದ 116 ಜನರಲ್ಲಿ 32 ಮಂದಿ ಮಲಗಿದರು. ಒಂದು ಕೋಟಿ ಕುಡಿದ 32 ಜನರಲ್ಲಿ 16. ನೂರು ಕೋಟಿ ಕುಡಿದ 42 ಜನರಲ್ಲಿ 40.

ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ನೂರು ಕೋಟಿ ಟೈಫಾಯ್ಡ್ ಬ್ಯಾಕ್ಟೀರಿಯಾ ಕುಡಿದೂ ಇಬ್ಬರು ಆರಾಮವಾಗಿದ್ದರು! ಅದೇ ಒಂದು ಲಕ್ಷಕ್ಕೆ ನಾಲ್ವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು ಮಂದಿ ಮಲಗಿದರು. ನಾಲ್ಕು ಮಂಚದ ಆ ಕೋಣೆಯಲ್ಲಿ ಆದದ್ದೂ ಹೆಚ್ಚುಕಡಿಮೆ ಅದೇ ಅಲ್ಲವೇ?

ರೋಗಾಣುವಿನ ಪ್ರಿಲಿಮ್ಸ್, ಮೇನ್ಸ್, ಇಂಟರ್‌ವ್ಯೂ

ಓಲ್ಡ್ ರಾಜಿಂದರ್ ನಗರದ ಭಾಷೆಯಲ್ಲೇ ಹೇಳುತ್ತೇನೆ. 2023ರ ಸಿವಿಲ್ ಸರ್ವಿಸಸ್ ಪರೀಕ್ಷೆಗೆ ಅರ್ಜಿ ಹಾಕಿದವರು ಹತ್ತು ಲಕ್ಷಕ್ಕೂ ಹೆಚ್ಚು. ಪ್ರಿಲಿಮ್ಸ್ ಬರೆದವರು ಸುಮಾರು 5.92 ಲಕ್ಷ. ಮೇನ್ಸ್‌ಗೆ ದಾಟಿದವರು ಹದಿನಾಲ್ಕು ಸಾವಿರ ಚಿಲ್ಲರೆ. ಸಂದರ್ಶನಕ್ಕೆ ಹೋದವರು ಮೂರು ಸಾವಿರದೊಳಗೆ. ಕೊನೆಗೆ ಆಯ್ಕೆಯಾದವರು 1,016.

ನಿಮ್ಮ ಹೊಟ್ಟೆಗೆ ಇಳಿಯುವ ರೋಗಾಣುಗಳ ಪಾಡೂ ಹೀಗೆಯೇ. ಮೊದಲ ಪರೀಕ್ಷೆ ಜಠರದ ಆಮ್ಲ. ಬಹುಪಾಲು ಅಲ್ಲೇ ಸಾಯುತ್ತವೆ. ಎರಡನೆಯದು ಕರುಳು. ಅಲ್ಲಿ ಪಿತ್ತರಸವಿದೆ, ಲೋಳೆಯ ಗೋಡೆಯಿದೆ. ಮೊದಲೇ ಮನೆ ಮಾಡಿಕೊಂಡಿರುವ ಕೋಟ್ಯಂತರ ನಿರುಪದ್ರವಿ ಬ್ಯಾಕ್ಟೀರಿಯಾಗಳು 'ಇಲ್ಲಿ ಜಾಗವಿಲ್ಲ' ಎನ್ನುತ್ತವೆ. ಮೂರನೆಯದು ರಕ್ತದ ಬಿಳಿಕಣಗಳ ಸಂದರ್ಶನ. ಇಷ್ಟನ್ನೂ ದಾಟಿ ಒಂದೇ ಒಂದು ರೋಗಾಣು ಒಳಗೆ ನೆಲೆ ನಿಂತರೂ ಸಾಕು. ಅದು ಎರಡಾಗಿ, ನಾಲ್ಕಾಗಿ, ಕೋಟಿಯಾಗುತ್ತದೆ.

ಹಾಗಾದರೆ ಸಿದ್ಧಾಂತದ ಮಟ್ಟಿಗೆ ಒಂದೇ ರೋಗಾಣು ಸಾಕು. ಆದರೆ ಒಂದಕ್ಕೆ ಇರುವ ಸಾಧ್ಯತೆ ತೀರ ಕಡಿಮೆ. ಒಂದೊಂದು ರೋಗಾಣುವಿಗೂ ಸಾವಿರದಲ್ಲಿ ಒಂದು ಪಾಲು ಗೆಲ್ಲುವ ಸಾಧ್ಯತೆ ಇದೆ ಎಂದು ಇಟ್ಟುಕೊಳ್ಳೋಣ. ಹತ್ತು ಹೊಟ್ಟೆಗೆ ಹೋದರೆ ಕಾಯಿಲೆಯ ಸಾಧ್ಯತೆ ನೂರಕ್ಕೆ ಒಂದು. ನೂರು ಹೋದರೆ ನೂರಕ್ಕೆ ಒಂಬತ್ತು ಹತ್ತು. ಸಾವಿರ ಹೋದರೆ ನೂರಕ್ಕೆ ನೂರಲ್ಲ, 63. ಮೂರು ಸಾವಿರ ಹೋದರೆ 95. ಗಣಿತ ಓದಿದವರು ಕೂಡಿಸಿ ಕಳೆದು ನೋಡಬಹುದು. 'ಇಷ್ಟಾದರೆ ಕಾಯಿಲೆ, ಇಷ್ಟರೊಳಗೆ ಕ್ಷೇಮ' ಎಂಬ ಗೆರೆಯೇ ಇಲ್ಲ. ಇರುವುದು ಗೆರೆಯಲ್ಲ, ಏರು. ಅದಕ್ಕೇ ವಿಜ್ಞಾನಿಗಳು ಕನಿಷ್ಠ ಸಂಖ್ಯೆ ಎನ್ನುವ ಬದಲು, ಕುಡಿದವರಲ್ಲಿ ಅರ್ಧ ಜನರಿಗೆ ತಗಲುವ ಪ್ರಮಾಣ ಎಷ್ಟು ಎಂದು ಹೇಳುತ್ತಾರೆ.

ಷಿಗೆಲ್ಲಕ್ಕೆ ಹತ್ತು ನೂರು ಸಾಕಾಗುವುದೇಕೆ ಎಂಬುದೂ ಈಗ ತಿಳಿಯುತ್ತದೆ. ಅದು ಆಮ್ಲವನ್ನು ತಾಳಿಕೊಳ್ಳುತ್ತದೆ, ಎಂದರೆ ಅದಕ್ಕೆ ಪ್ರಿಲಿಮ್ಸ್‌ನಿಂದ ವಿನಾಯಿತಿ. ಕಾಲರಾ ಬ್ಯಾಕ್ಟೀರಿಯಾ ಆಮ್ಲಕ್ಕೆ ತೀರ ಅಂಜುಗುಳಿ, ಆದ್ದರಿಂದ ಕೋಟಿಗಟ್ಟಲೆ ಅಭ್ಯರ್ಥಿಗಳು ಬೇಕು.

ನನಗೊಬ್ಬಳಿಗೇ ಯಾಕೆ?

ಈಗ ಅವಳ ಪ್ರಶ್ನೆಗೆ ಬರೋಣ. ಕಾರಣ ಒಂದಲ್ಲ, ನಾಲ್ಕಿರಬಹುದು.

ಮೊದಲನೆಯದು, ಒಂದೇ ತೊಟ್ಟಿಯ ನೀರಾದರೂ ಎಲ್ಲ ಲೋಟವೂ ಒಂದೇ ಅಲ್ಲ. ರೋಗಾಣುಗಳು ಸಕ್ಕರೆಯ ಹಾಗೆ ನೀರಲ್ಲಿ ಸಮನಾಗಿ ಕರಗುವುದಿಲ್ಲ. ಮಲದ ಸಣ್ಣ ಕಣಕ್ಕೆ ಅಂಟಿಕೊಂಡು ಗುಂಪಾಗಿ ತೇಲುತ್ತವೆ. ಒಬ್ಬಳ ಲೋಟಕ್ಕೆ ಗುಂಪು ಬಂತು, ಇನ್ನೊಬ್ಬಳದಕ್ಕೆ ಬರಲಿಲ್ಲ.

ಎರಡನೆಯದು ಆಮ್ಲ. ಮಾತಿನ ನಡುವೆ ಅವಳ ಮೇಜಿನ ಮೇಲೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ ಕಂಡಿತು. ಎದೆಯುರಿಗೆಂದು ಆಮ್ಲ ತಗ್ಗಿಸುವ ಮಾತ್ರೆ. ರಾತ್ರಿ ಎರಡರವರೆಗೆ ಓದು, ಚಹಾದ ಮೇಲೆ ಚಹಾ, ಹೊತ್ತಿಗೆ ಊಟವಿಲ್ಲ. ಮೂರು ತಿಂಗಳಿಂದ ದಿನಾ ಒಂದು ನುಂಗುತ್ತಿದ್ದಳಂತೆ. ಯಾವ ವೈದ್ಯರೂ ಬರೆದುಕೊಟ್ಟದ್ದಲ್ಲ, ಅಂಗಡಿಯಲ್ಲಿ ಕೇಳಿ ತಂದದ್ದು. ಇಂಥ ಮಾತ್ರೆ ನುಂಗುವವರಿಗೆ ಹೊಟ್ಟೆಯ ಸೋಂಕು ಹೆಚ್ಚು ಎಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಸೋಡಾ ಬೈಕಾರ್ಬನೇಟ್ ಜೊತೆಗೆ ಕೊಟ್ಟರೆ ಕಾಲರಾಕ್ಕೆ ಹತ್ತು ಕೋಟಿಯ ಬದಲು ಹತ್ತು ಸಾವಿರದಿಂದ ಹತ್ತು ಲಕ್ಷವೇ ಸಾಕಾಗುತ್ತದೆ. ಈಚೆಗೆ ಆಕ್ಸ್‌ಫರ್ಡಿನಲ್ಲಿ ಸ್ವಯಂಸೇವಕರಿಗೆ ಟೈಫಾಯ್ಡ್ ಬ್ಯಾಕ್ಟೀರಿಯಾವನ್ನು ಸೋಡಾ ಬೈಕಾರ್ಬನೇಟ್ ಜೊತೆ ಕೊಟ್ಟಾಗ ಕೆಲವೇ ಸಾವಿರಕ್ಕೆ ಅರ್ಧಕ್ಕೂ ಹೆಚ್ಚು ಜನ ಮಲಗಿದರು. ಮೇರಿಲ್ಯಾಂಡಿನಲ್ಲಿ ಹಾಲಿನೊಡನೆ ಒಂದು ಸಾವಿರ ಕುಡಿದವರಲ್ಲಿ ಒಬ್ಬರೂ ಮಲಗಿರಲಿಲ್ಲ ಎಂಬುದನ್ನು ಮರೆಯಬೇಡಿ. ಅವಳ ಜ್ವರಕ್ಕೆ ಆ ಮಾತ್ರೆಯೇ ಕಾರಣವೆಂದು ನಾನು ಹೇಳಲಾರೆ. ಬಾಗಿಲು ಕಾಯುವವನನ್ನು ಅದು ಮಲಗಿಸಿತ್ತು ಎಂದಷ್ಟೇ ಹೇಳಬಲ್ಲೆ.

ಮೂರನೆಯದು ಹಳೆಯ ಪರಿಚಯ. ಉಳಿದ ಮೂವರಲ್ಲಿ ಯಾರಿಗೋ ಚಿಕ್ಕಂದಿನಲ್ಲಿ ಈ ಜ್ವರ ಬಂದು ಹೋಗಿರಬಹುದು, ಯಾರಿಗೋ ಲಸಿಕೆ ಆಗಿರಬಹುದು. ಅಥವಾ ಅವರಿಗೂ ಸೋಂಕು ತಗಲಿ, ಕಾಯಿಲೆಯಾಗದೆ ಹೋಗಿರಬಹುದು. ಸೋಂಕು ಬೇರೆ, ಕಾಯಿಲೆ ಬೇರೆ ಎಂದು ಆಗಲೇ ಹೇಳಿದೆನಲ್ಲ.

ನಾಲ್ಕನೆಯದು ಬರೀ ಅದೃಷ್ಟ. ನಾಣ್ಯ ಚಿಮ್ಮಿದಾಗ ಒಬ್ಬರಿಗೆ ತಲೆ, ಒಬ್ಬರಿಗೆ ಬಾಲ.

ಈ ನಾಲ್ಕರಲ್ಲಿ 'ಮೈಯಲ್ಲಿ ಶಕ್ತಿಯಿಲ್ಲ' ಎಂಬ ತಪ್ಪೊಪ್ಪಿಗೆಗೆ ಎಲ್ಲೂ ಜಾಗವಿಲ್ಲ ಎಂಬುದನ್ನು ಗಮನಿಸಿ. ಮೇರಿಲ್ಯಾಂಡಿನಲ್ಲಿ ಕುಡಿದವರೆಲ್ಲ ಆರೋಗ್ಯವಂತ ಗಂಡಸರೇ ಆಗಿದ್ದರು.

ಇದೇ ದೆಹಲಿ, ಇದೇ ಯಮುನೆ

ಓಲ್ಡ್ ರಾಜಿಂದರ್ ನಗರ 1947ರ ವಿಭಜನೆಯ ನಂತರ ಪಶ್ಚಿಮ ಪಂಜಾಬಿನಿಂದ ಎಲ್ಲ ಕಳೆದುಕೊಂಡು ಬಂದವರಿಗಾಗಿ ಎದ್ದ ಬಡಾವಣೆ. 1921ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಗಂಗಾರಾಂ ಆಸ್ಪತ್ರೆ 1954ರಲ್ಲಿ ಇಲ್ಲಿ ಮತ್ತೆ ಬಾಗಿಲು ತೆರೆಯಿತು. ಅದಾದ ಮರುವರ್ಷವೇ ಈ ನಗರಕ್ಕೆ ಬಂದ ವಿಪತ್ತನ್ನು ಜಗತ್ತಿನ ವೈದ್ಯರು ಇಂದಿಗೂ ಓದುತ್ತಾರೆ.

1955ರ ಮಳೆಗಾಲದ ನೆರೆ ಇಳಿದ ಮೇಲೆ ಯಮುನೆ ತನ್ನ ಪಾತ್ರ ಬದಲಿಸಿತು. ವಜೀರಾಬಾದಿನಲ್ಲಿ ಕುಡಿಯುವ ನೀರು ಎತ್ತುವ ಜಾಗದ ಕೆಳಗೆ ನಜಫ್‌ಗಢ ನಾಲೆಯ ಕೊಳಚೆ ನದಿಯನ್ನು ಸೇರುತ್ತದೆ. ನದಿ ದೂರ ಸರಿದಾಗ ಆ ಕೊಳಚೆ ಹಿಂದಕ್ಕೆ ಹರಿದು ನೀರೆತ್ತುವ ಬಾಯಿಗೇ ಬಂತು. ನವೆಂಬರಿನಲ್ಲಿ ಸುಮಾರು ಒಂದು ವಾರ ದೆಹಲಿ ಆ ನೀರನ್ನೇ ಪಡೆಯಿತು. ಜಲಶುದ್ಧಿ ಕೇಂದ್ರದವರು ಕೈಕಟ್ಟಿ ಕೂರಲಿಲ್ಲ. ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಅದರಿಂದ ಟೈಫಾಯ್ಡ್, ರಕ್ತಭೇದಿ ಏರಲಿಲ್ಲ. ಬ್ಯಾಕ್ಟೀರಿಯಾ ಸತ್ತಿದ್ದವು. ಎಲ್ಲರೂ ಗೆದ್ದೆವೆಂದುಕೊಂಡಿರಬೇಕು.

ಡಿಸೆಂಬರಿನಲ್ಲಿ ಜನರ ಕಣ್ಣು ಹಳದಿಯಾಗತೊಡಗಿತು. ಅರಿಶಿನ ಕಾಮಾಲೆ! ಡಿಸೆಂಬರ್, ಜನವರಿಗಳಲ್ಲಿ 29,000ಕ್ಕೂ ಹೆಚ್ಚು ಜನ ಕಾಮಾಲೆಯಿಂದ ಮಲಗಿದರು. ಗರ್ಭಿಣಿಯರಲ್ಲಿ ಸಾವು ಹೆಚ್ಚಾಗಿತ್ತು. ಕ್ಲೋರಿನ್‌ಗೆ ಬ್ಯಾಕ್ಟೀರಿಯಾಗಳಷ್ಟು ಸುಲಭವಾಗಿ ಬಗ್ಗದ ಒಂದು ವೈರಸ್ ತಪ್ಪಿಸಿಕೊಂಡು ಬಂದಿತ್ತು. ಅದು ಐದಾರು ವಾರ ಮೈಯಲ್ಲಿ ಅಡಗಿ ಕೂತು ಆಮೇಲೆ ಮುಖ ತೋರಿಸುವ ಜಾತಿಯದು. ನವೆಂಬರಿನ ನೀರಿನ ಫಲ ವರ್ಷದ ಕೊನೆಗೆ ಕಂಡದ್ದು ಅದಕ್ಕೇ.

ಆಗ ಅದನ್ನು ಹೆಪಟೈಟಿಸ್ 'ಎ' ಎಂದುಕೊಂಡಿದ್ದರು. ಇಪ್ಪತ್ತೈದು ವರ್ಷ ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿ, ಅದು 'ಎ' ಅಲ್ಲ, 'ಬಿ'ಯೂ ಅಲ್ಲ ಎಂದು 1980ರಲ್ಲಿ ತಿಳಿಸಿದರು. 1983ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೋವಿಯತ್ ವಿಜ್ಞಾನಿ ಬಲಾಯನ್ ಪೆಟ್ಟನ್‌ಕೋಫರರ ದಾರಿಯಲ್ಲೇ ನಡೆದು, ರೋಗಿಗಳ ಮಲದಿಂದ ಸೋಸಿ ತೆಗೆದದ್ದನ್ನು ತಾವೇ ಕುಡಿದರು. ಕಾಮಾಲೆ ಬಂತು. ತಮ್ಮ ಮಲದಲ್ಲೇ ಆ ವೈರಸ್ಸಿನ ಕಣಗಳನ್ನು ಕಂಡರು. ಅದೇ ಇಂದಿನ ಹೆಪಟೈಟಿಸ್ 'ಇ'.

ವಜೀರಾಬಾದಿನ ನೀರು ಚಂದ್ರಾವಲ್ ಕೇಂದ್ರದಲ್ಲಿ ಶುದ್ಧವಾಗಿ ಊರಿಗೆ ಬರುವುದು ಇಂದೂ ಇದೆ. ಯಮುನೆಯಲ್ಲಿ ಅಮೋನಿಯ ಏರಿ ಈ ಕೇಂದ್ರಗಳು ಕೆಲಸ ತಗ್ಗಿಸಿದಾಗ ಜಲಮಂಡಳಿ ಹೊರಡಿಸುವ ಪಟ್ಟಿಯಲ್ಲಿ ಕರೋಲ್ ಬಾಗ್, ಪಟೇಲ್ ನಗರಗಳ ಜೊತೆ ಹಳೆ, ಹೊಸ ರಾಜಿಂದರ್ ನಗರಗಳ ಹೆಸರೂ ಇರುತ್ತದೆ. ಅಮೋನಿಯ ಕ್ಲೋರಿನ್ನನ್ನು ನುಂಗಿಹಾಕುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. 'ಊರಿಗೆ ಬಂದವಳು ನೀರಿಗೆ ಬರದಿರುವಳೇ' ಎಂಬ ಗಾದೆ ನಮ್ಮಲ್ಲಿದೆ. ದೆಹಲಿಗೆ ಬಂದ ಮೇಲೆ ನಾವೆಲ್ಲ ಯಮುನೆಗೆ ಬಂದವರೇ.

ತೊಟ್ಟಿಯ ಲೆಕ್ಕ, ಡಬ್ಬಿಯ ಲೆಕ್ಕ

ಕೇಂದ್ರದಿಂದ ಶುದ್ಧವಾಗಿ ಹೊರಟ ನೀರು ದಾರಿಯಲ್ಲಿ ಕೆಡುವುದೂ ಉಂಟು. ನೀರು ದಿನಕ್ಕೆ ಕೆಲವು ಗಂಟೆ ಮಾತ್ರ ಬರುವ ಕಡೆ, ಉಳಿದ ಹೊತ್ತು ಕೊಳವೆ ಬರಿದಾಗಿರುತ್ತದೆ. ಅದರಲ್ಲಿ ಬಿರುಕಿದ್ದರೆ ಪಕ್ಕದ ಚರಂಡಿಯ ನೀರು ಒಳಗೆ ಜಿನುಗುತ್ತದೆ. ಅದರ ಮೇಲೆ ಮನೆಮನೆಯ ಟುಲ್ಲೂ ಪಂಪು ಎಳೆಯತೊಡಗಿದರೆ ಕೊಳಚೆಯನ್ನೂ ಹೀರಿ ತರುತ್ತದೆ.

ಈಗ ಲೆಕ್ಕ. ಕೆಲವು ರೋಗಗಳಲ್ಲಿ ರೋಗಿಯ ಒಂದು ಗ್ರಾಂ ಮಲದಲ್ಲಿ ನೂರು ಕೋಟಿ ರೋಗಾಣು ಇರಬಲ್ಲವು. ಆ ಒಂದು ಗ್ರಾಂ ತಾರಸಿಯ ಸಾವಿರ ಲೀಟರಿನ ತೊಟ್ಟಿಯಲ್ಲಿ ಬೆರೆಯಿತು ಎನ್ನಿ. ಒಂದು ಮಿಲಿಲೀಟರಿಗೆ ಸಾವಿರ. ಇನ್ನೂರು ಮಿಲಿಲೀಟರಿನ ಲೋಟಕ್ಕೆ ಎರಡು ಲಕ್ಷ! ನೀರು ಮಾತ್ರ ತಿಳಿಯಾಗಿಯೇ ಕಾಣುತ್ತದೆ, ವಾಸನೆಯೂ ಬರಲಾರದು. ಯಾವುದೋ ಉಪಾಯದಿಂದ ಶೇಕಡ 99 ಭಾಗ ಕೊಂದಿರಿ. ಲೋಟದಲ್ಲಿ ಇನ್ನೂ ಎರಡು ಸಾವಿರ ಉಳಿದವು. ಟೈಫಾಯ್ಡಿನ ಅಪಾಯ ಬಹಳ ತಗ್ಗಿತು, ಆದರೆ ಷಿಗೆಲ್ಲಕ್ಕೆ ಎರಡು ಸಾವಿರ ಎಂದರೆ ಹಬ್ಬದೂಟ. ಜಾಹೀರಾತಿನಲ್ಲಿ 'ಶೇಕಡ 99 ಶುದ್ಧ' ಎಂದು ಕಂಡಾಗ ಉಳಿದ ಒಂದು ಶೇಕಡ ಯಾವುದರದ್ದು ಎಂದು ಕೇಳಿಕೊಳ್ಳಿ.

ಇನ್ನು ಡಬ್ಬಿ. ಅಡುಗೆಯವರ ಕೈಯಿಂದ ಹತ್ತೇ ಹತ್ತು ಟೈಫಾಯ್ಡ್ ಬ್ಯಾಕ್ಟೀರಿಯಾ ಪಲ್ಯಕ್ಕೆ ಬಿದ್ದವು ಎನ್ನೋಣ. ಮಧ್ಯಾಹ್ನ ಹನ್ನೆರಡಕ್ಕೆ ಬಂದ ಡಬ್ಬಿಯನ್ನು ಆಗಲೇ ತಿಂದರೆ ಬಹುಶಃ ಏನೂ ಆಗದು. ಕ್ಲಾಸು, ಟೆಸ್ಟು ಎಂದು ಸಂಜೆ ಏಳಕ್ಕೆ ತೆರೆದಿರಿ. ಮೇ ತಿಂಗಳ ದೆಹಲಿಯ ಕಾವಿನಲ್ಲಿ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೆ ಏಳು ಗಂಟೆಯಲ್ಲಿ ಹದಿನಾಲ್ಕು ಇಮ್ಮಡಿ. ಹತ್ತು ಹೋಗಿ 1,63,840 ಆಯಿತು. ಮೇರಿಲ್ಯಾಂಡಿನ ಒಂದು ಲಕ್ಷವನ್ನು ದಾಟಿತು. ಹನಿಹನಿಗೂಡಿದರೆ ಹಳ್ಳ ಎನ್ನುತ್ತಾರೆ, ಇಲ್ಲಿ ಹನಿಯೇ ಹಳ್ಳವಾಗುತ್ತದೆ. ಕಾಮಾಲೆಯ ವೈರಸ್ ಹೀಗೆ ಅನ್ನದಲ್ಲಿ ಬೆಳೆಯುವುದಿಲ್ಲ, ಅದಕ್ಕೆ ಬೆಳೆಯಲು ಜೀವಕೋಶವೇ ಬೇಕು. ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ.

ಹುಳಿಯಿದ್ದಲ್ಲಿ ಅವುಗಳ ಆಟ ಅಷ್ಟಾಗಿ ನಡೆಯದು. ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎರಡು ರಾತ್ರಿಯ ಪಯಣಕ್ಕೆ ನಿಮ್ಮ ಅಜ್ಜಿ ಹುಣಸೆಹುಳಿಯ ಪುಳಿಯೋಗರೆ ಕಟ್ಟಿಕೊಡುತ್ತಿದ್ದದ್ದು ಬರೀ ರುಚಿಗಲ್ಲ. ಆದರೆ ಹೊರಗೇ ಇಟ್ಟ ನಿನ್ನೆಯ ಅನ್ನಕ್ಕೆ ಇಂದು ಒಗ್ಗರಣೆ ಕೊಟ್ಟು ಚಿತ್ರಾನ್ನ ಮಾಡುವಾಗ ಎಚ್ಚರ. ಅನ್ನದಲ್ಲಿ ಬದುಕುಳಿಯುವ ಒಂದು ಬ್ಯಾಕ್ಟೀರಿಯಾ ಉಗುಳಿದ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಉಳಿದ ಅನ್ನವನ್ನು ಬೇಗ ಆರಿಸಿ ಫ್ರಿಜ್ಜಿಗಿಡಿ.

ಮನೆಯ ಹಿರಿಯರ 'ಎಂಜಲು', 'ಮಡಿ'ಗಳ ಬಗ್ಗೆಯೂ ಒಂದು ಮಾತು. ಬಾಟಲಿಗೆ ತುಟಿ ತಾಗಿಸದೆ ಎತ್ತಿ ಕುಡಿಯುವ ಅಭ್ಯಾಸ ಒಳ್ಳೆಯದೇ. ಆದರೆ ಮಡಿಯ ಹೆಸರಿನಲ್ಲಿ ಮನುಷ್ಯರನ್ನು ಬಾವಿಯಿಂದ ದೂರ ಇಟ್ಟದ್ದೂ ಉಂಟು. ಅದರಿಂದ ಯಾವ ರೋಗವೂ ನಿಲ್ಲಲಿಲ್ಲ. ರೋಗಾಣು ಕೈ ಯಾರದೆಂದು ಕೇಳುವುದಿಲ್ಲ, ಸೋಪು ಹಾಕಿ ತೊಳೆದದ್ದೋ ಇಲ್ಲವೋ ಎಂದಷ್ಟೇ ನೋಡುತ್ತದೆ.

ಮಾಡಬೇಕಾದ್ದು

ಹೆದರಬೇಡಿ, ಲೆಕ್ಕ ನಮ್ಮ ಕಡೆಗೂ ಕೆಲಸ ಮಾಡುತ್ತದೆ. ಸೊನ್ನೆಗೆ ಇಳಿಸುವುದು ಯಾರಿಂದಲೂ ಆಗದು. ಹತ್ತರಲ್ಲಿ ಒಂಬತ್ತು ಭಾಗ ಕಡಿಮೆ ಮಾಡಿದರೂ ಏರಿನ ಮೇಲೆ ಕೆಳಕ್ಕೆ ಸರಿದಿರಿ.

ನೀರನ್ನು ಕೊತಕೊತ ಕುದಿಸಿ, ಒಂದು ನಿಮಿಷ ಕುದಿದರೆ ಸಾಕು. ಆರ್.ಓ. ಯಂತ್ರವಿದ್ದರೆ ಅದರ ಸರ್ವೀಸ್ ಆದದ್ದು ಯಾವಾಗ ಎಂದು ಕೇಳಿ. ತಾರಸಿಯ ತೊಟ್ಟಿಗೆ ಮುಚ್ಚಳವಿದೆಯೇ ಎಂದು ಒಮ್ಮೆ ಹತ್ತಿ ನೋಡಿ. ಡಬ್ಬಿಯನ್ನು ಬಂದ ಕೂಡಲೇ ಉಣ್ಣಿ. ಶೌಚದ ನಂತರ, ಊಟದ ಮುಂಚೆ ಸೋಪಿನಿಂದ ಕೈ ತೊಳೆಯಿರಿ. ಟೈಫಾಯ್ಡಿಗೆ ಒಂದೇ ಚುಚ್ಚುಮದ್ದಿನ ಲಸಿಕೆ ಇದೆ. ಹೈದರಾಬಾದಿನಲ್ಲಿ ತಯಾರಾಗುವ ಅಂಥದೊಂದಕ್ಕೆ 2017ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಸಿಕ್ಕಿತು. ನಿಮ್ಮ ವೈದ್ಯರನ್ನು ಕೇಳಿ. ಎದೆಯುರಿಯ ಮಾತ್ರೆಯನ್ನು ತಿಂಗಳುಗಟ್ಟಲೆ ನೀವೇ ನುಂಗಬೇಡಿ. ವೈದ್ಯರು ಬರೆದುಕೊಟ್ಟಿದ್ದರೆ ನನ್ನ ಮಾತು ಕೇಳಿ ನಿಲ್ಲಿಸಲೂ ಬೇಡಿ. ಭೇದಿಯಾದರೆ ಮೊದಲು ಓ.ಆರ್.ಎಸ್. ಮೂರು ದಿನ ಜ್ವರ ಬಿಡದಿದ್ದರೆ ಅಂಗಡಿಯ ಆಂಟಿಬಯಾಟಿಕ್ ಅಲ್ಲ, ರಕ್ತ ಪರೀಕ್ಷೆ. ವೈದ್ಯರು ಕೊಟ್ಟ ಆಂಟಿಬಯಾಟಿಕ್ಕನ್ನು ಅರ್ಧಕ್ಕೆ ಬಿಡಬೇಡಿ. ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಬ್ಬರು ನಮ್ಮ ದೇಶದವರು. ಕಿಟಕಿಯಿರುವ ಕೋಣೆಗೆ ಇನ್ನೂರು ರೂಪಾಯಿ ಹೆಚ್ಚು ಕೊಟ್ಟರೆ ದುಬಾರಿಯಲ್ಲ.

ಅದೇ ಬಡಾವಣೆಯಲ್ಲಿ 2024ರ ಜುಲೈ 27ರಂದು ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಜೀವ ಕಳೆದುಕೊಂಡರು. ಅದು ರೋಗಾಣುವಿನ ಸಾವಲ್ಲ. ಆದರೆ ಚರಂಡಿ, ತೊಟ್ಟಿ, ನೆಲಮಾಳಿಗೆಗಳನ್ನು ನೋಡಿಕೊಳ್ಳುವುದು ಬೇರೆ ಯಾರದೋ ಕೆಲಸ ಎಂದು ಎಲ್ಲರೂ ಕೂತರೆ ನೀರು ಯಾವ ರೂಪದಲ್ಲಾದರೂ ಒಳಗೆ ಬರುತ್ತದೆ ಎಂಬುದಕ್ಕೆ ಆ ಮಕ್ಕಳನ್ನು ನೆನೆಯದೆ ಇರಲಾರೆ.

ಕೊನೆಗೆ ನಮ್ಮ ಹುಡುಗಿಯ ಸುದ್ದಿ. ಈ ಲೆಕ್ಕವನ್ನೆಲ್ಲ ಕೇಳಿದ ಮೇಲೆ ಅವಳು ಗೆಳತಿಯರನ್ನು ಕರೆದುಕೊಂಡು ತಾರಸಿ ಹತ್ತಿದಳು. ತೊಟ್ಟಿಗೆ ಮುಚ್ಚಳವೇ ಇರಲಿಲ್ಲ. ಪಾರಿವಾಳಗಳು ಕೂತಿದ್ದವು, ತಳದಲ್ಲಿ ಒಂದು ಗೇಣು ಕೆಸರು. ಟೈಫಾಯ್ಡ್ ಬಂದದ್ದು ಅಲ್ಲಿಂದಲೇ ಎಂದು ಹೇಳಲಾಗದು, ಪಾರಿವಾಳದಿಂದ ಆ ಜ್ವರ ಬರುವುದಿಲ್ಲ. ಆದರೆ ಅಂಥ ತೊಟ್ಟಿಯ ನೀರನ್ನು ಯಾರೂ ಕುಡಿಯಬಾರದು. ನಾಲ್ವರೂ ಸಹಿ ಹಾಕಿ ಮಾಲೀಕರಿಗೆ ಕಾಗದ ಕೊಟ್ಟರು. ಒಬ್ಬಳು ಕೇಳಿದಾಗ 'ಗೋಲ್‌ಗಪ್ಪ' ಎಂದಿದ್ದವರು ನಾಲ್ಕು ಸಹಿ ಕಂಡ ವಾರದಲ್ಲಿ ತೊಟ್ಟಿ ತೊಳೆಸಿ ಮುಚ್ಚಳ ಹಾಕಿಸಿದರು.

ಪ್ರಿಲಿಮ್ಸ್‌ಗೆ ಅವಳು ನಿತ್ರಾಣದಲ್ಲೇ ಹೋಗಿ ಕೂತಳು. ಆ ಸಲ ದಾಟಲಿಲ್ಲ. ಮತ್ತೆ ಓದುತ್ತಿದ್ದಾಳೆ. ಅವಳ ತಾಯಿಗೆ ಮಾತ್ರ ನಾನು ಫೋನು ಮಾಡಿ ಹೇಳಿದೆ: "ಅಮ್ಮಾ, ಮಗುವಿನ ಮೈಯಲ್ಲಿ ಶಕ್ತಿ ಚೆನ್ನಾಗಿಯೇ ಇದೆ. ಇನ್ನೊಮ್ಮೆ ಹಾಗೆ ಅನ್ನಬೇಡಿ."

ನಿಮ್ಮ ತಾರಸಿಯ ತೊಟ್ಟಿಯನ್ನು ಈ ಭಾನುವಾರ ನೋಡಿ ಬನ್ನಿ. ಏನು ಕಂಡಿರೆಂದು ನನಗೆ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.